ಜೋಳ ತಿಂದದ್ದು ಗಿಣಿಯೋ, ಮಿಡತೆಯೋ?

ಹೊನವಾಡ, ತಿಕೋಟಾ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಹಾಲ್ದೆನೆಗೆ ಬಂತೆಂದರೆ ಗಿಣಿಗಳ ಹಿಂಡು ಇಳಿಯುತ್ತದೆ. ಇದು ಕೆಂಪು ಕೊರಳಿನ ಗಿಣಿ. ಕೊರಳಪಟ್ಟಿ ಗಂಡಿಗೆ ಮಾತ್ರ. ಜೋಳಕ್ಕೆ ಇನ್ನೊಬ್ಬ ಹಸಿರು ಪಾಲುದಾರನಿದ್ದಾನೆ, ಜೋಳದ ಮಿಡತೆ. ಇಬ್ಬರ ಲೆಕ್ಕವೂ ನಮ್ಮ ಕಟ್ಟೆಯ ಮಾತಿನಲ್ಲಿ ಅದಲುಬದಲಾಗಿದೆ.

ನಂಬಿಕೆ: ಗಿಣಿ ಮಿಡತೆ ತಿನ್ನುತ್ತದೆ, ಹೊಲದಲ್ಲಿ ಇರಲಿ ಬಿಡಿ.
ಸತ್ಯ: ಗಿಣಿಯ ಊಟ ಕಾಳು, ಹಣ್ಣು, ಮೊಗ್ಗು. ಮಿಡತೆ ಹಿಡಿಯುವವರು ಗೊರವಂಕ, ನೀಲಕಂಠ, ದನದ ಬೆನ್ನಿಗೇ ತಿರುಗುವ ಬೆಳ್ಳಕ್ಕಿ.

ನಂಬಿಕೆ: ಮಿಡತೆ ಎಲ್ಲಿಂದಲೋ ಹಾರಿ ಬರುತ್ತದೆ.
ಸತ್ಯ: 2020ರ ಮೇ ತಿಂಗಳಲ್ಲಿ ಈ ಹೆದರಿಕೆ ಜೋರಾಗಿತ್ತು. ಮರುಭೂಮಿ ಮಿಡತೆಯ ದಂಡು ರಾಜಸ್ಥಾನ, ಮಧ್ಯಪ್ರದೇಶ ದಾಟಿ ವಿದರ್ಭಕ್ಕೆ ಬಂದಿತ್ತು. ಕೋಲಾರದಲ್ಲಂತೂ ಎಕ್ಕದ ಗಿಡ ಬಿಟ್ಟು ಹೋಗದ ಬಡಪಾಯಿ ಮಿಡತೆಯನ್ನೇ ದಂಡೆಂದು ಜನ ಗಾಬರಿಯಾದರು. ಆದರೆ ಜೋಳದ ಮಿಡತೆಗೆ ಹಾರಲು ರೆಕ್ಕೆಯೇ ಇಲ್ಲ. ಬಲಿತದ್ದನ್ನು ಕಂಡರೂ ‘ಮರಿ’ ಎನ್ನುವುದು ಅದಕ್ಕೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಾಸ ಮಾಡಿದವರು. 1910ರಲ್ಲಿ ಸ್ಪೇನಿನ ಕೀಟತಜ್ಞ ಬೊಲಿವಾರ್ ಇದಕ್ಕೆ ಕೋಲ್ಮೇನಿಯಾ ಎಂದು ಅವರ ಹೆಸರನ್ನೇ ಇಟ್ಟರು. ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲದ ಕೊನೆಗೆ ಹೆಣ್ಣು ಹೊಟ್ಟೆಯ ತುದಿಯನ್ನು ನೆಲಕ್ಕೆ ತೂರಿಸಿ ಮೊಟ್ಟೆ ಇಡುತ್ತದೆ. ಚಳಿ, ಬೇಸಿಗೆ ಎರಡನ್ನೂ ಮಣ್ಣಲ್ಲೇ ಕಳೆದ ಮೊಟ್ಟೆ ಮುಂಗಾರಿನ ಹಸಿಗೆ ಒಡೆಯುತ್ತದೆ. ಅಂದರೆ ಶತ್ರು ಊರವನೇ, ನಿಮ್ಮ ಹೊಲದಲ್ಲೇ ಹುಟ್ಟಿದವನು. ಬೇಸಿಗೆಯಲ್ಲಿ ಆಳವಾಗಿ ರಂಟೆ ಹೊಡೆದರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಉಳಿದದ್ದು ಹಕ್ಕಿಗಳ ಪಾಲು. ಬೆಳೆ ಎದೆಯೆತ್ತರ ಬಂದ ಮೇಲೆ ಔಷಧ ಹೊಡೆಯುವುದಕ್ಕಿಂತ ಇದು ಅಗ್ಗ.

ನಂಬಿಕೆ: ಬೆಳೆ ಹಾಳಾದ ಮೇಲೆ ಯಾರು ತಿಂದರೆಂದು ಹೇಳಲಾಗದು.
ಸತ್ಯ: ಬಗ್ಗಿ ನೋಡಿ. ಮಿಡತೆಯ ದವಡೆ ಅಡ್ಡಡ್ಡ ಆಡುತ್ತದೆ, ಎಲೆಯನ್ನು ಅಂಚಿನಿಂದ ಕೊರೆಯುತ್ತ ಬರುತ್ತದೆ, ನಡುನರ ಉಳಿದಿರುತ್ತದೆ. ಗಿಣಿಗೆ ಎಲೆ ಬೇಡ. ತೆನೆಯ ಎಸಳು ಕತ್ತರಿಸಿ, ಒಂದು ಕಾಲಲ್ಲಿ ಹಿಡಿದು, ಕೊಕ್ಕಿನಲ್ಲಿ ಕಾಳು ಬಿಡಿಸಿ ಹೊಟ್ಟು ಉದುರಿಸುತ್ತದೆ. ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಬುಡದಲ್ಲಿ ಹೊಟ್ಟು ಬಿದ್ದಿದ್ದರೆ ಮಿಡತೆಯನ್ನು ಬೈಯಬೇಡಿ.

ನಂಬಿಕೆ: ಹೊಲದ ಕಳ್ಳನನ್ನು ಹಿಡಿದು ಪಂಜರಕ್ಕೆ ಹಾಕಿದರೆ ತಪ್ಪೇನು?
ಸತ್ಯ: ತಪ್ಪೇ. ಈ ಗಿಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲ ಅಪರಾಧ. ಶಾಸ್ತ್ರ ಹೇಳುವವನ ಪಂಜರದ ಗಿಣಿಗೂ ವಿನಾಯಿತಿಯಿಲ್ಲ. ಡಬ್ಬಿ ಬಡಿದು, ಹೊಳೆಯುವ ಪಟ್ಟಿ ಕಟ್ಟಿ ಓಡಿಸಲು ಯಾರ ಅಡ್ಡಿಯೂ ಇಲ್ಲ.