ನಲವತ್ತು ದಾಟಿದ ಬಸಿರು: ನೂರಕ್ಕೆ ಒಂದು ಎಂದರೆ ಎಷ್ಟು?

"ಈ ಪ್ರಾಯದಲ್ಲಿ ಮಗುವಾ? ಹುಟ್ಟಿದರೂ ಸರಿ ಇರುವುದಿಲ್ಲ." ಮಂಗಳೂರಿನ ಮಣ್ಣಗುಡ್ಡದಲ್ಲಾಗಲಿ ಪಕ್ಕದ ಉರ್ವದಲ್ಲಾಗಲಿ, ನಲವತ್ತು ದಾಟಿದ ಹೆಂಗಸು ಬಸುರಿ ಎಂದು ಗೊತ್ತಾದ ಮನೆಯಲ್ಲಿ ಯಾರಾದರೊಬ್ಬರು ಈ ಮಾತು ಹೇಳದೆ ಬಿಡುವುದಿಲ್ಲ. ಅದೇ ಜಗಲಿಯ ಇನ್ನೊಂದು ತುದಿಯಿಂದ ಉತ್ತರವೂ ಬರುತ್ತದೆ: "ನಮ್ಮ ಅಜ್ಜಿ ಕೊನೆಯವನನ್ನು ಹೆತ್ತದ್ದು ನಲವತ್ತೆರಡರಲ್ಲಿ. ಆಗ ಯಾವ ಟೆಸ್ಟ್ ಇತ್ತು ಮಾರಾಯ್ತಿ?"

ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಉಂಟು, ಲೆಕ್ಕ ಮಾತ್ರ ಇಬ್ಬರದ್ದೂ ತಪ್ಪು.

ಮೊದಲು ಹೆದರಿಸುವವರ ಲೆಕ್ಕ ನೋಡೋಣ. ತಾಯಿಯ ವಯಸ್ಸು ಏರಿದಂತೆ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಏರುತ್ತದೆ ಎಂಬುದು ಸತ್ಯ. 25ರ ತಾಯಂದಿರಲ್ಲಿ ಸುಮಾರು 1250 ಹೆರಿಗೆಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು, 45ರಲ್ಲಿ 30ಕ್ಕೆ ಒಂದು. ಏರಿಕೆ ಕಡಿದಾದದ್ದೇ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿ: ನಲವತ್ತರ ನೂರು ತಾಯಂದಿರಲ್ಲಿ ತೊಂಬತ್ತೊಂಬತ್ತು ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಇನ್ನು ಅಜ್ಜಿಯ ಲೆಕ್ಕ. ಅಜ್ಜಿ ಹೆತ್ತು ಉಳಿದ ಮಕ್ಕಳನ್ನು ಮನೆಯವರು ಎಣಿಸಿದರು, ಇಳಿದುಹೋದ ಬಸಿರುಗಳನ್ನು ಯಾರೂ ಬರೆದಿಡಲಿಲ್ಲ. ನಲವತ್ತರ ನಂತರ ಮೂರರಲ್ಲಿ ಒಂದು ಬಸಿರಾದರೂ ಹಾಗೆ ಹೋಗುತ್ತದೆ. ಅವುಗಳಲ್ಲಿ ಬಹುಪಾಲಿಗೆ ಕಾರಣ ಕ್ರೋಮೋಸೋಮಿನ ಎಣಿಕೆ ತಪ್ಪುವುದೇ.

ಹೆಣ್ಣಿನ ಅಂಡಗಳು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿ, ವಿಭಜನೆಯ ನಡುವೆ ಅರ್ಧಕ್ಕೆ ನಿಂತಿರುತ್ತವೆ. ನಲವತ್ತು ವರ್ಷ ಕಾದ ಅಂಡ ಆ ಕೆಲಸ ಮುಗಿಸುವಾಗ 21ನೆಯ ಕ್ರೋಮೋಸೋಮಿನ ಜೋಡಿ ಬೇರ್ಪಡದೆ ಉಳಿದರೆ ಮಗುವಿನಲ್ಲಿ ಎರಡರ ಬದಲು ಮೂರು ಪ್ರತಿಗಳಾಗುತ್ತವೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯನ್ನು 1866ರಲ್ಲಿ ವಿವರಿಸಿದ. ಹೆಚ್ಚಿನ ಕ್ರೋಮೋಸೋಮು ಕಣ್ಣಿಗೆ ಬಿದ್ದದ್ದು 1959ರಲ್ಲಿ. ಹಾಗಾಗಿ ತಿಂದ ಪಪ್ಪಾಯಿ, ನೋಡಿದ ಗ್ರಹಣ, ಬಿಡದೆ ಹೋದ ಆಫೀಸು ಇವುಗಳ ಮೇಲೆ ಹೊರಿಸುವ ಆರೋಪಕ್ಕೆ ಆಧಾರವೇ ಇಲ್ಲ.

"ಕಡಿಮೆ ಪ್ರಾಯದವರಿಗೆ ಅದೆಲ್ಲ ಬರುವುದಿಲ್ಲ" ಎಂಬ ಸಮಾಧಾನವೂ ಸುಳ್ಳು. ಡೌನ್ ಸಿಂಡ್ರೋಮಿನ ಹೆಚ್ಚಿನ ಮಕ್ಕಳು ಹುಟ್ಟುವುದು 35ರ ಒಳಗಿನ ತಾಯಂದಿರಿಗೇ, ಏಕೆಂದರೆ ಹೆರಿಗೆಗಳಲ್ಲಿ ಬಹುಪಾಲು ಆ ವಯಸ್ಸಿನವರದ್ದು.

ಅತಿ ಹೆಚ್ಚು ಕಣ್ಣೀರು ಹರಿಸುವ ತಪ್ಪು ಕಲ್ಪನೆ ಇದಲ್ಲ. ಅದು ಶುರುವಾಗುವುದು ಲ್ಯಾಬಿನ ಲಕೋಟೆ ಒಡೆದಾಗ. "ರಿಪೋರ್ಟ್ ಪಾಸಿಟಿವ್ ಬಂತು, ಮಗುವಿಗೆ ತೊಂದರೆ ಉಂಟಂತೆ." ಗರ್ಭಿಣಿಗೆ ಮಾಡುವ ಪರೀಕ್ಷೆಗಳಲ್ಲಿ ಎರಡು ಬಗೆ. ಒಂದು, ಸಾಧ್ಯತೆ ಎಷ್ಟೆಂದು ಹೇಳುವ ಸ್ಕ್ರೀನಿಂಗ್. ಇನ್ನೊಂದು, ಇದೆ ಅಥವಾ ಇಲ್ಲ ಎಂದು ಖಚಿತಪಡಿಸುವ ಪರೀಕ್ಷೆ. 11ನೇ ವಾರದಿಂದ 13 ವಾರ 6 ದಿನದೊಳಗೆ ಮಾಡುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ ಸ್ಕ್ರೀನಿಂಗ್. ಆ ಅವಧಿ ತಪ್ಪಿದವರಿಗಿರುವ ಕ್ವಾಡ್ರುಪಲ್ ಮಾರ್ಕರ್ ಕೂಡ ಅದೇ. 10ನೇ ವಾರದ ನಂತರ ತಾಯಿಯ ತೋಳಿನ ರಕ್ತದಿಂದಲೇ ಮಾಡುವ ದುಬಾರಿ ಎನ್‌ಐಪಿಟಿಯೂ ಸ್ಕ್ರೀನಿಂಗೇ, ಖಚಿತ ಉತ್ತರವಲ್ಲ.

ಎನ್‌ಐಪಿಟಿಗೆ "ಶೇ. 99 ನಿಖರ" ಎಂಬ ಖ್ಯಾತಿ ಇದೆಯಲ್ಲ, ಅದನ್ನು ಕಾಗದದ ಮೇಲೆ ಬಿಡಿಸಿ ನೋಡಬೇಕು. ನಲವತ್ತರ ಹತ್ತು ಸಾವಿರ ಗರ್ಭಿಣಿಯರನ್ನು ತೆಗೆದುಕೊಳ್ಳಿ. ನೂರಕ್ಕೆ ಒಂದರಂತೆ 100 ಶಿಶುಗಳಿಗೆ ಡೌನ್ ಸಿಂಡ್ರೋಮ್ ಇದ್ದರೆ ಪರೀಕ್ಷೆ 99ನ್ನು ಹಿಡಿಯುತ್ತದೆ. ಉಳಿದ 9,900ರಲ್ಲಿ ಸಾವಿರಕ್ಕೆ ಒಂದರಂತೆ ಸುಮಾರು 10 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಅಂದರೆ 109 ಪಾಸಿಟಿವ್‌ಗಳಲ್ಲಿ 99 ನಿಜ. ಅದೇ ಪರೀಕ್ಷೆಯನ್ನು 25ರ ಹತ್ತು ಸಾವಿರ ಮಂದಿಗೆ ಮಾಡಿದರೆ ನಿಜವಾದವು 8, ಸುಳ್ಳು ಪಾಸಿಟಿವ್ ಮತ್ತೆ ಸುಮಾರು 10. ಯಂತ್ರ ಅದೇ, ಲ್ಯಾಬು ಅದೇ. ಒಬ್ಬಳ ಪಾಲಿಗೆ ಬಹುತೇಕ ನಿಜವಾದ ಫಲಿತಾಂಶ ಇನ್ನೊಬ್ಬಳ ಪಾಲಿಗೆ ನಾಣ್ಯ ಚಿಮ್ಮಿದಷ್ಟೇ. ನಲವತ್ತರವಳಿಗೂ ಆ ಹತ್ತು ಮಂದಿಯಲ್ಲಿ ತಾನೊಬ್ಬಳಿರಬಹುದು ಎಂಬುದು ಉಳಿದೇ ಉಳಿಯುತ್ತದೆ. ಎನ್‌ಐಪಿಟಿ ಓದುವುದು ನೇರ ಶಿಶುವಿನ ಡಿಎನ್‌ಎಯನ್ನಲ್ಲ, ತಾಯಿಯ ರಕ್ತಕ್ಕೆ ಸೇರಿದ ಮಾಸಿನ ತುಣುಕುಗಳನ್ನು. ಮಾಸಿನಲ್ಲಿರುವ ದೋಷ ಕೆಲವೊಮ್ಮೆ ಮಗುವಿನಲ್ಲಿ ಇರುವುದೇ ಇಲ್ಲ.

ಖಚಿತ ಉತ್ತರ ಬೇಕೆಂದರೆ 15 ವಾರದ ನಂತರ ಗರ್ಭಜಲ ತೆಗೆದು ನೋಡುವ ಆಮ್ನಿಯೊಸೆಂಟೆಸಿಸ್, ಇಲ್ಲವೇ ಅದಕ್ಕೂ ಮೊದಲು 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್ ಮಾಡಿಸಬೇಕು. "ಹೊಟ್ಟೆಗೆ ಸೂಜಿ ಹಾಕಿದರೆ ಬಸಿರು ನಿಲ್ಲುವುದಿಲ್ಲ" ಎಂಬ ಹೆದರಿಕೆ ಬಲವಾಗಿದೆ. ಹಿಂದೆ ನೂರಕ್ಕೆ ಒಂದು ಎನ್ನುತ್ತಿದ್ದ ಗರ್ಭಪಾತದ ಅಪಾಯವನ್ನು ಪಳಗಿದ ಕೈಗಳಲ್ಲಿ ಈಗ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಂದಾಜಿಸುತ್ತಾರೆ. ಕಡಿಮೆಯಾಗಿದೆ, ಶೂನ್ಯವಾಗಿಲ್ಲ. ಬೇಡ ಎನ್ನುವವಳ ನಿರ್ಧಾರವೂ ಅಜ್ಞಾನವಲ್ಲ.

ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲಿನ ಬೋರ್ಡು ಇನ್ನೊಂದು ಗೊಂದಲ ಹುಟ್ಟಿಸಿದೆ. ಭ್ರೂಣಲಿಂಗ ಪತ್ತೆ ಅಪರಾಧ ಎಂಬುದನ್ನು ಓದಿ, ವಂಶವಾಹಿ ಪರೀಕ್ಷೆಯೇ ಕಾನೂನುಬಾಹಿರ ಎಂದುಕೊಂಡವರಿದ್ದಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇಂಥ ಪರೀಕ್ಷೆಗೆ ಒಪ್ಪುವ ಕಾರಣಗಳ ಪಟ್ಟಿಯಲ್ಲಿ ಮೊದಲು ಬರೆದಿರುವುದೇ ಗರ್ಭಿಣಿಯ ವಯಸ್ಸು 35 ದಾಟಿರುವುದು. ಪರೀಕ್ಷೆಯ ಅಡ್ಡಪರಿಣಾಮಗಳನ್ನು ಆಕೆಗೆ ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು ಎಂದೂ ಅದು ಹೇಳುತ್ತದೆ. ಕನ್ನಡದ ಫಾರಂ ಕೇಳುವುದು ಜಂಬವಲ್ಲ. ಗಲ್ಫ್ ನಂಟಿನ ಮಂಗಳೂರಿನಲ್ಲಿ ತೊಡಕು ಬರುವುದು ದುಬೈಯ ನಾದಿನಿಯ ಫೋನಿನಿಂದ: "ನಮ್ಮಲ್ಲಿ ಎನ್‌ಐಪಿಟಿ ರಿಪೋರ್ಟಿನಲ್ಲೇ ಗಂಡಾ ಹೆಣ್ಣಾ ಹೇಳ್ತಾರೆ, ನಿಮ್ಮಲ್ಲಿ ಯಾಕಿಲ್ಲ?" ಇಲ್ಲಿ ಹೇಳುವುದು ಅಪರಾಧ, ಕೇಳಿ ಒತ್ತಾಯಿಸುವುದೂ ಅಪರಾಧ.

"ಟೆಸ್ಟ್ ಮಾಡಿಸಿದರೆ ತೆಗೆಸಲೇಬೇಕು" ಎಂಬುದಕ್ಕಂತೂ ಕಾನೂನಿನಲ್ಲಿ ಎಳೆಯಷ್ಟೂ ಆಧಾರವಿಲ್ಲ. ಗರ್ಭಪಾತದ ಕಾಯ್ದೆಗೆ 2021ರಲ್ಲಾದ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದ ನಡುವೆ ನಿಯಮದಲ್ಲಿ ಹೆಸರಿಸಿದವರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಆಮೇಲೆ ಭ್ರೂಣದ ಗಂಭೀರ ದೋಷವಿದ್ದರೆ ಮೆಡಿಕಲ್ ಬೋರ್ಡಿನ ಒಪ್ಪಿಗೆ. ಸಹಿ ಮಾತ್ರ ಆಕೆಯದ್ದೇ; ವಯಸ್ಕ ಹೆಂಗಸಿಗೆ ಗಂಡನ ಒಪ್ಪಿಗೆಯೂ ಬೇಕಿಲ್ಲ, ಅತ್ತೆಯದ್ದಂತೂ ದೂರ. ಮಗುವನ್ನು ಇಟ್ಟುಕೊಳ್ಳುತ್ತೇವೆ ಎಂದು ಮೊದಲೇ ತೀರ್ಮಾನಿಸಿದವರೂ ಪರೀಕ್ಷೆ ಮಾಡಿಸುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುವುದರಿಂದ ಹೆರಿಗೆ ಎಲ್ಲಿ ಆಗಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ. ಆ ಮಕ್ಕಳ ಬದುಕು ಹೇಗಿರುತ್ತದೆ ಎಂದು ತಿಳಿಯಬೇಕಾದವರು ಗೂಗಲ್ ಬಿಟ್ಟು ಶಕ್ತಿನಗರದ ಸಾನಿಧ್ಯದಂಥ ವಿಶೇಷ ಶಾಲೆಯಲ್ಲಿ ಒಂದು ಬೆಳಗ್ಗೆ ಕಳೆಯುವುದು ಒಳ್ಳೆಯದು.

ಇಲ್ಲಿ ಒಂದು ಹಳೆಯ ರೂಢಿ ನಿಜಕ್ಕೂ ಅಡ್ಡ ಬರುತ್ತದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ವಿಷಯ ಯಾರಿಗೂ ಹೇಳಬಾರದು ಎಂಬುದು. ನೆರೆಯವರಿಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ದೃಷ್ಟಿಗೆ ಹೆದರಿ ಡಾಕ್ಟರಲ್ಲಿಗೂ ನಾಲ್ಕನೇ ತಿಂಗಳಲ್ಲಿ ಹೋದರೆ 13ನೇ ವಾರದ ಕಿಟಕಿ ಮುಚ್ಚಿರುತ್ತದೆ. ಗರ್ಭಜಲದ ಪೂರ್ತಿ ವರದಿಗೆ ಎರಡು-ಮೂರು ವಾರ ಬೇಕಾಗಬಹುದು. ಅಷ್ಟರಲ್ಲಿ 20ನೇ ವಾರ ಹತ್ತಿರವಾಗಿ, ಯೋಚಿಸಲು ಉಳಿಯುವುದು ದಿನಗಳು ಮಾತ್ರ. ಮಣ್ಣಗುಡ್ಡದಿಂದ ಹಂಪನಕಟ್ಟೆಯ ಲೇಡಿಗೋಷನ್ ಆಸ್ಪತ್ರೆ ಆಟೋದ ದೂರ. ಕುಟುಂಬದಲ್ಲಿ ಆನುವಂಶಿಕ ಕಾಯಿಲೆ ಇದ್ದವರಿಗೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರದ್ದೇ ವಿಭಾಗವಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಇದನ್ನು ಗಮನಿಸಬೇಕು: ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚಾಗುವ ಕಾಯಿಲೆಗಳನ್ನು ಸಾಮಾನ್ಯ ಎನ್‌ಐಪಿಟಿ ಹುಡುಕುವುದೇ ಇಲ್ಲ. "ನಾರ್ಮಲ್" ಎಂಬ ರಿಪೋರ್ಟು ಹುಡುಕಿದ ಮೂರು-ನಾಲ್ಕು ವಿಷಯಗಳಿಗೆ ಮಾತ್ರ ಅನ್ವಯ.

ನಟಿ ಭಾವನಾ ರಾಮಣ್ಣ 40ರ ವಯಸ್ಸಿನಲ್ಲಿ ಐವಿಎಫ್‌ನಿಂದ ಅವಳಿ ಮಕ್ಕಳ ನಿರೀಕ್ಷೆಯಲ್ಲಿರುವುದನ್ನು 2025ರಲ್ಲಿ ಹೇಳಿಕೊಂಡರು. ನಿರ್ದೇಶಕಿ ಫರಾ ಖಾನ್ 2008ರಲ್ಲಿ 43ರ ವಯಸ್ಸಿನಲ್ಲಿ ತ್ರಿವಳಿಗಳನ್ನು ಹೆತ್ತಿದ್ದರು. ಇಂಥ ಸುದ್ದಿ ಓದಿ "ಐವಿಎಫ್ ಇದ್ದರೆ ವಯಸ್ಸು ಲೆಕ್ಕಕ್ಕಿಲ್ಲ" ಎನ್ನುವವರಿದ್ದಾರೆ. ಸ್ವಂತ ಅಂಡ ಬಳಸಿದರೆ ಅದರ ವಯಸ್ಸನ್ನು ಐವಿಎಫ್ ಕಡಿಮೆ ಮಾಡದು. ದಾನದ ಅಂಡವಾದರೆ ಡೌನ್ ಸಿಂಡ್ರೋಮಿನ ಲೆಕ್ಕ ದಾನಿಯ ವಯಸ್ಸಿನದ್ದು, ಮತ್ತು ನಮ್ಮ ಕಾನೂನಿನ ಪ್ರಕಾರ ದಾನಿ 23ರಿಂದ 35ರೊಳಗಿನವಳಾಗಿರಬೇಕು. ಆದರೆ ಬಿಪಿ, ಸಕ್ಕರೆ, ಸಿಸೇರಿಯನ್ ಲೆಕ್ಕ ಹೊರುವ ದೇಹದ ವಯಸ್ಸಿನದ್ದೇ. ಕ್ರೋಮೋಸೋಮಿನ ಚಿಂತೆಯಲ್ಲಿ ಮುಳುಗಿದ ಮನೆಗಳು ಮರೆಯುವುದು ಇದನ್ನೇ. ನಲವತ್ತರ ಗರ್ಭಿಣಿಗೆ ಮೊದಲ ಭೇಟಿಯಲ್ಲೇ ಸಕ್ಕರೆ ಪರೀಕ್ಷೆ ಆಗಬೇಕು. ಬಿಪಿ ಏರುವ ಅಪಾಯ ಹೆಚ್ಚಿದ್ದರೆ ಡಾಕ್ಟರ್ ಬರೆದುಕೊಡುವ ಕಡಿಮೆ ಡೋಸಿನ ಆಸ್ಪಿರಿನ್ 16ನೇ ವಾರದೊಳಗೆ ಶುರುವಾದರೆ ಹೆಚ್ಚು ಪ್ರಯೋಜನ.