ಹೊಸ ಬಿಲ್ಲೆಯನ್ನು ಒರೆಗೆ ಹಚ್ಚುವುದು
(ಬಾನುಲಿ ಭಾಷಣ)

ಎತ್ತು ಕೊಳ್ಳಲು ಸಂತೆಗೆ ಹೋದ ರೈತನು ಮಾರುವವನ ಬಣ್ಣನೆಯನ್ನೆಲ್ಲ ಸಮಾಧಾನದಿಂದ ಕೇಳಿಕೊಳ್ಳುತ್ತಾನೆ. ಆಮೇಲೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಸಾಧ್ಯವಾದರೆ ನೊಗ ಹೂಡಿಯೂ ನೋಡುತ್ತಾನೆ. ವಿದ್ಯುನ್ಮಾನ ಯಂತ್ರಗಳನ್ನು ರೂಪಿಸುವವರ ಕಸುಬಿನಲ್ಲಿಯೂ ಇಂಥ ಸಂದರ್ಭ ಆಗಾಗ ಒದಗುತ್ತದೆ. ಮಾರುಕಟ್ಟೆಗೆ ಹೊಸದೊಂದು ಚಿಪ್, ಎಂದರೆ ಸಿಲಿಕಾನ್ ಬಿಲ್ಲೆ, ಬರುತ್ತದೆ. ಅದರ ಗುಣಗಾನದ ಹೊತ್ತಗೆಯೂ ಜೊತೆಯಲ್ಲಿಯೇ ಬರುತ್ತದೆ. ಅದನ್ನು ನಂಬಿ ಯಂತ್ರ ಕಟ್ಟಬೇಕೆ, ಬೇಡವೆ? ಇದನ್ನು ನಿರ್ಣಯಿಸುವ ಬಗೆಯನ್ನು, ಬೆಳಗಾವಿಯಲ್ಲಿ ನಾನು ಕೈಗೊಂಡ ಒಂದು ಪರೀಕ್ಷೆಯ ನೆಪದಿಂದ ವಿವರಿಸಬೇಕೆಂದಿದ್ದೇನೆ.

ನಮಗೆ ಬೇಕಾಗಿದ್ದುದು ಬಾವಲಿಗಳ ಕೂಗನ್ನು ಗುರುತಿಸುವ ಒಂದು ಚಿಕ್ಕ ಯಂತ್ರ. ಬೆಳಗಾವಿಗೆ ನೆರೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವೆಲ್ಲ ದಟ್ಟವಾದ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದೇ ತಾಲ್ಲೂಕಿನಲ್ಲಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅರಣ್ಯವೂ ಇಲ್ಲಿಯದೇ. ಆ ಸೀಮೆಯ ಬಾರಾಪೆಡೆ ಗುಹೆಯಲ್ಲಿ ರಾಟನ್ನನ ಬಾವಲಿ ಎಂಬ ಅಪರೂಪದ ಪ್ರಾಣಿ ವಾಸವಾಗಿದೆ. ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿವಿಜ್ಞಾನಿ 1913ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟನು. ಮುಂದೆ ಎಷ್ಟೋ ದಶಕಗಳ ಕಾಲ ಜಗತ್ತಿನಲ್ಲಿ ಈ ಬಾವಲಿಗೆ ತಿಳಿದಿದ್ದ ಮನೆ ಈ ಗುಹೆಯೊಂದೇ. ಅನಂತರ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಇದು ಕಂಡುಬಂದಿತು. ಗುಹೆಯೊಳಗೆ ನುಗ್ಗಿ ಎಣಿಸುವುದು ಆ ಜೀವಿಗಳಿಗೆ ಹಿಂಸೆ. ಅನುಮತಿ ಪಡೆದು ಹೊರಗಿನ ಕಾಡಿನಲ್ಲಿ ಯಂತ್ರವನ್ನಿರಿಸಿ, ಹಾರಿಹೋಗುವ ಬಾವಲಿಗಳ ದನಿಯಿಂದಲೇ ಅವುಗಳ ಇರವನ್ನು ತಿಳಿಯುವುದು ಸೌಮ್ಯವಾದ ದಾರಿ.

ಬಾವಲಿಯು ಕತ್ತಲೆಯಲ್ಲಿ ಕೂಗಿ, ಆ ಕೂಗಿನ ಮಾರ್ದನಿಯಿಂದ ದಾರಿಯನ್ನೂ ಬೇಟೆಯನ್ನೂ ಅರಿಯುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲುದು. ಎತ್ತರದ ಬಯಲಿನಲ್ಲಿ ಹಾರುವ ದೊಡ್ಡ ಬಾವಲಿಗಳು ಈ ಎಲ್ಲೆಯ ಆಸುಪಾಸಿನಲ್ಲಿಯೇ ಕೂಗುವುದುಂಟು. ಕೆಲವು ಚಿಕ್ಕ ಬಾವಲಿಗಳ ಕೂಗಾದರೋ ಒಂದು ಲಕ್ಷವನ್ನು ದಾಟುತ್ತದೆ. ಇಂಥ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಬೇಕಾದರೆ, ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಸೆಕೆಂಡಿಗೆ ಅಳೆಯಬೇಕೆಂಬುದು ನಿಯಮ. ಆದುದರಿಂದ ನಾವು ಸೆಕೆಂಡಿಗೆ 3 ಲಕ್ಷ ಅಳತೆಗಳೆಂದು ಗೊತ್ತುಮಾಡಿಕೊಂಡೆವು.

ಈ ಅಂಕಿಗಳ ಹೊಳೆಯಲ್ಲಿ ಗಾಳಿ, ಮಳೆ, ಜೀರುಂಡೆ ಎಲ್ಲವೂ ಬೆರೆತಿರುತ್ತವೆ. ಬೇಡದ್ದನ್ನು ಸೋಸಲು ಪ್ರತಿಯೊಂದು ಅಳತೆಗೂ 64 ಗುಣಾಕಾರ ಮಾಡಿ ಕೂಡಬೇಕು. ಉಳಿದುದನ್ನು ಸ್ವರಸ್ವರವಾಗಿ ಬಿಡಿಸಿ ನೋಡಲು ಇನ್ನೂ 36ರಷ್ಟು ಗುಣಾಕಾರ ಬೇಕು. ಒಟ್ಟು 100; ಎಂದರೆ ಸೆಕೆಂಡಿಗೆ 3 ಕೋಟಿ ಗುಣಾಕಾರ. ಈ ಬಗೆಯ ಲೆಕ್ಕಕ್ಕೆಂದೇ ರೂಪಿತವಾದ ಬಿಲ್ಲೆಗೆ ಸಂಕೇತ ಸಂಸ್ಕಾರಕವೆಂದು ಹೆಸರು. ಗುಣಿಸಿ ಕೂಡುವುದೇ ಅದರ ಕುಲಕಸುಬು.

ಈ ಜಾತಿಯ ಬಿಲ್ಲೆಗಳ ಬೆಳವಣಿಗೆ ಬೆರಗು ಹುಟ್ಟಿಸುವಂಥದು. 1983ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಮಾರುಕಟ್ಟೆಗೆ ತಂದ ಟಿಎಂಎಸ್ 32010 ಎಂಬುದು ಸೆಕೆಂಡಿಗೆ 50 ಲಕ್ಷ ಆದೇಶಗಳನ್ನು ನಡೆಸುತ್ತಿತ್ತು. ಆ ಕಾಲಕ್ಕೆ ಅದು ಅದ್ಭುತ. ಆದರೆ ನಮ್ಮ ಬಾವಲಿಯ ಮುಂದೆ ಕೂಡಿಸಿದ್ದರೆ, ಒಂದು ಅಳತೆಗೂ ಮತ್ತೊಂದಕ್ಕೂ ನಡುವೆ ಅದಕ್ಕೆ ಸಿಗುತ್ತಿದ್ದುದು ಬರಿಯ 16 ಹೆಜ್ಜೆಗಳ ಬಿಡುವು. ಅದೇ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. 1998ರಲ್ಲಿ ಅಲ್ಲಿಯ ಎಂಜಿನಿಯರುಗಳು ರೂಪಿಸಿದ ಸಂಸ್ಕಾರಕಕ್ಕೆ ‘ಅಂಕುರ್’ ಎಂಬ ಹೆಸರನ್ನೇ ಇಟ್ಟರು. ಹೀಗೆ ಈ ವಿದ್ಯೆ ನಮ್ಮ ನಾಡಿಗೆ ಹೊರಗಿನದಾಗಿ ಉಳಿದಿಲ್ಲ.

ನಾನು ಪರೀಕ್ಷಿಸಿದ ಬಿಲ್ಲೆ ಬೇರೊಂದು ಸಂಸ್ಥೆಯದು. ಹೆಸರು ಇಲ್ಲಿ ಅನಗತ್ಯ. ಅದು ಸೆಕೆಂಡಿಗೆ 20 ಕೋಟಿ ಗುಣಾಕಾರ ಮಾಡುತ್ತದೆಂದು ಹೊತ್ತಗೆಯ ಮೊದಲ ಪುಟವೇ ಸಾರುತ್ತಿತ್ತು. ನಮಗೆ ಬೇಕಾದುದು 3 ಕೋಟಿ. ಹಾಗಾದರೆ ಕೆಲಸವು ಅದರ ಹೊತ್ತಿನಲ್ಲಿ ನೂರಕ್ಕೆ 15 ಪಾಲನ್ನು ಮಾತ್ರ ಬೇಡಬೇಕಷ್ಟೆ? ನಮ್ಮ ಲೆಕ್ಕವನ್ನೇ ಅದರ ಮೇಲೆ ಹೂಡಿ ನೋಡಿದಾಗ 25 ಪಾಲು ಹಿಡಿಯಿತು. ಇದರಲ್ಲಿ ಮೋಸವಿಲ್ಲ. ಅಂಕಿಗಳೆಲ್ಲ ಪಕ್ಕದಲ್ಲಿಯೇ ಸಿದ್ಧವಾಗಿದ್ದಾಗ ದೊರೆಯುವ ವೇಗ 20 ಕೋಟಿ. ದೂರದ ಸ್ಮೃತಿಕೋಶದಿಂದ ತರಿಸಿಕೊಳ್ಳುವಾಗ ಬಿಲ್ಲೆಯೂ ಕಾಯಬೇಕಾಗುತ್ತದೆ. ಬೇಕಾದ ಪದಾರ್ಥಗಳೆಲ್ಲ ಕೈಗೆಟಕುವಂತಿದ್ದರೆ ಅಡಿಗೆಯವನ ಕೈಯೂ ಚುರುಕು. ಉಗ್ರಾಣಕ್ಕೆ ಓಡಾಡಬೇಕಾದರೆ ಅದೇ ಕೈ ನಿಧಾನ. ಮೊದಲ ಪುಟದ ಅಂಕಿ ಬಿಲ್ಲೆಯ ಗುಣವನ್ನು ಹೇಳುತ್ತದೆಯೇ ಹೊರತು ನಮ್ಮ ಕೆಲಸದ ಸ್ವರೂಪವನ್ನು ಬಲ್ಲುದಲ್ಲ.

ಎರಡನೆಯ ಪ್ರಶ್ನೆ ವಿದ್ಯುತ್ತಿನದು. ಭೀಮಗಡದ ಕಾಡಿನಲ್ಲಿ ತಂತಿ ಎಳೆಯುವಂತಿಲ್ಲ. ಬ್ಯಾಟರಿ ಬದಲಿಸಲು ದಿನವೂ ಹೋಗಿಬರುವಂತೆಯೂ ಇಲ್ಲ. ಮಳೆಗಾಲದಲ್ಲಂತೂ ಒಳಗಿನ ಹಳ್ಳಿಗಳ ದಾರಿಯೇ ಕಡಿದುಹೋಗುವುದುಂಟು. ನಮ್ಮಲ್ಲಿದ್ದ ಹಳೆಯ ಬಿಲ್ಲೆ 60 ಮಿಲಿಆಂಪಿಯರ್ ಹೀರುತ್ತ ಇಡೀ ರಾತ್ರಿ ಎಚ್ಚರವಾಗಿದ್ದು ದುಡಿಯಬೇಕು. ಹನ್ನೆರಡು ತಾಸಿನ ರಾತ್ರಿಗೆ 720. 3000ದ ಬ್ಯಾಟರಿ ನಾಲ್ಕು ರಾತ್ರಿಗೆ ಮುಗಿಯಿತು. ಹೊಸದು 120 ಹೀರುತ್ತದೆ. ಮೇಲ್ನೋಟಕ್ಕೆ ಇದು ಹೊಟ್ಟೆಬಾಕ. ಆದರೆ ಕಾಲುಭಾಗದ ಹೊತ್ತಿನಲ್ಲಿ ಕೆಲಸ ಮುಗಿಸಿ ಉಳಿದ ಹೊತ್ತು ನಿದ್ರಿಸಬಲ್ಲುದು. ನಿದ್ರೆಯಲ್ಲಿ ಅದರ ಆಹಾರ ಒಂದೇ ಮಿಲಿಆಂಪಿಯರ್. ಸರಾಸರಿ ಸುಮಾರು 31. ಅದೇ ಬ್ಯಾಟರಿಯಲ್ಲಿ ಎಂಟು ರಾತ್ರಿ! ಹೆಚ್ಚು ಉಣ್ಣುವ ಬಿಲ್ಲೆಯೇ ಮಿತವ್ಯಯಿಯೆನಿಸುವ ಸೋಜಿಗ ಇದು. ಎರಡರ ನಡುವೆ ಆರಿಸುವ ಪ್ರಶ್ನೆ ಇಲ್ಲಿಗೇ ತೀರಿತೆಂದು ತೋರಬಹುದು.

ಆದರೆ ಬಿಲ್ಲೆ ನಿದ್ರಿಸಿದರೂ ಬಾವಲಿ ಕೂಗುವುದನ್ನು ನಿಲ್ಲಿಸುವುದಿಲ್ಲವಷ್ಟೆ. ಆಗ ಅಳತೆಗಳನ್ನು ಹಿಡಿದಿಡುವವರು ಯಾರು? ಬಿಲ್ಲೆಯೊಳಗೆ ಇದಕ್ಕಾಗಿ ಒಬ್ಬ ಹಮಾಲನಿದ್ದಾನೆನ್ನಿ. ಲೆಕ್ಕ ಮಾಡುವ ಭಾಗ ಮಲಗಿರುವಾಗ ಅವನು 1024 ಅಳತೆಗಳ ಒಂದೊಂದು ಮೂಟೆ ಕಟ್ಟಿ ಸ್ಮೃತಿಕೋಶದಲ್ಲಿ ಇಡುತ್ತಾನೆ. ಇಡೀ ಯೋಜನೆ ನಿಂತಿರುವುದು ಅವನ ಪ್ರಾಮಾಣಿಕತೆಯ ಮೇಲೆ.

ಇಲ್ಲಿ ಓದಬೇಕಾದುದು ಗುಣಗಾನದ ಹೊತ್ತಗೆಯನ್ನಲ್ಲ. ಹಳೆಯ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಪುಟವಿರುತ್ತಿತ್ತಲ್ಲವೆ? ಬಿಲ್ಲೆಗಳಿಗೂ ತಯಾರಕರು ಅಂಥದೊಂದು ಓಲೆಯನ್ನು ಪ್ರಕಟಿಸುತ್ತಾರೆ. ಪುಸ್ತಕದ ತಪ್ಪನ್ನು ಓದುಗನು ಲೇಖನಿಯಿಂದ ತಿದ್ದಿಕೊಳ್ಳಬಹುದು. ಸಿಲಿಕಾನಿನಲ್ಲಿ ಅಚ್ಚಾದ ತಪ್ಪನ್ನು ಕೊಂಡವನು ತಿದ್ದಲಾರ, ಬಳಸಿಕೊಂಡು ಹೋಗಬೇಕು. ಇನ್ನೊಂದು ಮಾತು: ಹೊಸ ಬಿಲ್ಲೆಯ ತಪ್ಪೋಲೆ ಚಿಕ್ಕದಾಗಿದ್ದರೆ ಹಿಗ್ಗಬೇಕಾದುದಿಲ್ಲ. ಬಳಸಿದವರು ಕಡಿಮೆಯೆಂಬುದಷ್ಟೇ ಅದರ ಅರ್ಥವಾಗಿರಬಹುದು. ಹತ್ತು ವರ್ಷ ನೂರಾರು ಕೈಗಳಲ್ಲಿ ಪಳಗಿದ ಬಿಲ್ಲೆಯ ಉದ್ದವಾದ ಓಲೆ ಎಷ್ಟೋ ವೇಳೆ ಹೆಚ್ಚು ನಂಬಿಕೆಗೆ ಅರ್ಹ.

ನಮ್ಮ ಬಿಲ್ಲೆಯ ಓಲೆಯಲ್ಲಿ ಒಂದು ಸಾಲಿತ್ತು: ಲೆಕ್ಕದ ಭಾಗ ನಿದ್ರೆಯಿಂದ ಏಳುವ ಕ್ಷಣದಲ್ಲಿ, ಸಾಗುತ್ತಿರುವ ಮೂಟೆಯೊಂದು ಕಳೆದುಹೋಗುವ ಸಂಭವವಿದೆ ಎಂಬ ಅಭಿಪ್ರಾಯದ್ದು. ಸಂಭವ ಎಂದರೆ ಎಷ್ಟು? ಅದನ್ನು ಓಲೆ ಹೇಳಲಿಲ್ಲ. ನಾವು ಧ್ವನಿಗೆ ಬದಲಾಗಿ ಒಂದು, ಎರಡು, ಮೂರು ಎಂದು ಏರುವ ಸಂಖ್ಯೆಗಳ ಸಾಲನ್ನೇ ಬಿಲ್ಲೆಗೆ ಉಣಿಸಿ, ಆಚೆಯಿಂದ ಬಂದುದನ್ನು ಸರದಿಗೆ ಹೋಲಿಸಿದೆವು. ತಾಸುಗಟ್ಟಲೆ ಎಲ್ಲವೂ ಸರಿಯಾಗಿತ್ತು. ಮತ್ತೆ ಎಲ್ಲಿಯೋ ಒಂದೆಡೆ 1024 ಸಂಖ್ಯೆಗಳು ಸದ್ದಿಲ್ಲದೆ ಮಾಯವಾಗಿದ್ದವು. ಯಂತ್ರ ನಿಲ್ಲಲಿಲ್ಲ, ತಪ್ಪಾಯಿತೆಂದು ಕೂಗಲೂ ಇಲ್ಲ.

1024 ಅಳತೆಗಳೆಂದರೆ ಸೆಕೆಂಡಿನ ಸಾವಿರದಲ್ಲಿ ಮೂರುವರೆ ಪಾಲಿಗಿಂತಲೂ ಕಡಿಮೆ. ಸಂಗೀತ ಕೇಳುವ ಯಂತ್ರದಲ್ಲಾದರೆ ಅದೊಂದು ಸಣ್ಣ ಚಿಟಿಕೆಯ ಸದ್ದಾಗಿ ಹೋದೀತು. ಆದರೆ ಬಾವಲಿಯ ಒಂದು ಕೂಗಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದುಂಟು. ಒಂದು ಮೂಟೆ ಹೋದರೆ ಒಂದು ಕೂಗೇ ಹೋದೀತು. ಹತ್ತು ಸಲ ಕೂಗುತ್ತ ಸಾಗುವ ಸಾಮಾನ್ಯ ಬಾವಲಿಗೆ ಇದರಿಂದ ನಷ್ಟವಿಲ್ಲ. ದೂರದಲ್ಲಿ ಹಾದುಹೋಗಿ ಒಂದೇ ಕೂಗನ್ನು ನಮ್ಮ ಯಂತ್ರಕ್ಕೆ ಬಿಟ್ಟುಹೋಗುವ ವಿರಳ ಜೀವಿಯ ಪಾಲಿಗೆ ಅದೇ ಸಾಕ್ಷಿ, ಅದೊಂದೇ ಸಾಕ್ಷಿ.

ತಯಾರಕರು ಸೂಚಿಸಿದ ಪರಿಹಾರ ಸರಳ: ಆ ನಿದ್ರೆಯನ್ನು ಬಳಸಬೇಡಿ. ಹಾಗೆ ಮಾಡಿದರೆ ತಪ್ಪು ಮರೆಯಾಗುತ್ತದೆ, ಆದರೆ ರಾತ್ರಿಗೆ 1440ರಂತೆ ಬ್ಯಾಟರಿ ಎರಡೇ ರಾತ್ರಿಗೆ ಬರಿದಾಗುತ್ತದೆ. ಎಂಟು ರಾತ್ರಿಯ ಆಸೆ ತೋರಿದ ಬಿಲ್ಲೆ ಹಳೆಯದರ ಅರ್ಧಕ್ಕೆ ಇಳಿಯಿತು. ಈ ಸಲಕ್ಕೆ ನಾವು ನಾಲ್ಕು ರಾತ್ರಿಯ ಹಳೆಯ ಬಿಲ್ಲೆಯನ್ನೇ ಆರಿಸಿದೆವು. ಹೊಸದನ್ನು ತಿರಸ್ಕರಿಸಲಿಲ್ಲ, ತಿದ್ದಿದ ಆವೃತ್ತಿ ಬಂದಾಗ ಇದೇ ಸಂಖ್ಯೆಗಳ ಸಾಲನ್ನು ಮತ್ತೆ ಉಣಿಸಿ ನೋಡಲೆಂದು ಪ್ರಯೋಗಶಾಲೆಯ ಮೇಜಿನ ಮೇಲೆ ಉಳಿಸಿಕೊಂಡಿದ್ದೇವೆ.

ಇಷ್ಟೊಂದು ಗೋಜು ಏತಕ್ಕೆ ಎಂದು ಕೇಳಬಹುದು. ಯಂತ್ರವು ‘ಬಾವಲಿ ಇದೆ’ ಎಂದು ಹೇಳಿದರೆ ಆ ಧ್ವನಿಯನ್ನು ಮತ್ತೊಬ್ಬ ತಜ್ಞರು ಕೇಳಿ ಒಪ್ಪಬಹುದು, ಅಲ್ಲಗಳೆಯಬಹುದು. ಅದು ‘ಇಲ್ಲ’ ಎಂದರೆ ಮರುಪರಿಶೀಲನೆಗೆ ಏನೂ ಉಳಿದಿರುವುದಿಲ್ಲ. ಕಾಡಿನ ಒಂದು ಭಾಗದಲ್ಲಿ ಯಾವ ಜೀವಿಯೂ ಇಲ್ಲವೆಂಬ ವರದಿ, ಆ ಕಾಡಿನ ಹಣೆಬರಹವನ್ನೇ ತೀರ್ಮಾನಿಸುವ ಕಡತಗಳಲ್ಲಿ ಸೇರಿಬಿಡಬಹುದು. ಆದುದರಿಂದ ಬಿಲ್ಲೆಯ ವೇಗ, ಬೆಲೆ, ಹಸಿವು ಎಲ್ಲವನ್ನೂ ಅಳೆದ ಮೇಲೆ ಕಡೆಗೆ ಕೇಳಬೇಕಾದ ಪ್ರಶ್ನೆ ಒಂದು ಉಳಿಯುತ್ತದೆ: ಇದು ಮೌನವಾಗಿದ್ದಾಗ, ಆ ಮೌನ ಕಾಡಿನದೋ, ಬಿಲ್ಲೆಯದೋ?