ಟರ್ಮಿನಲ್ ಮುಟ್ಟದೆ ತಂತ್ರಾಂಶ ಹಾಕಿಕೊಳ್ಳುವುದು ಹೇಗೆ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಿದ್ದೇನೆ. ಕನ್ನಡ ಫಾಂಟುಗಳು ಆ್ಯಪ್ ಸೆಂಟರಿನಲ್ಲಿ ಸಿಗುತ್ತಿಲ್ಲ. ಕಮಾಂಡ್ ಟೈಪಿಸದೆ ಬೇರೆ ದಾರಿ ಇದೆಯೇ? ಮನೆಯವರಿಗಾಗಿ ಆ ವಿಧಾನವನ್ನು ಕನ್ನಡದಲ್ಲಿ ಬರೆದಿಡಬೇಕೆಂದಿದ್ದೇನೆ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಇದೆ, ಅದರ ಹೆಸರು ಸಿನಾಪ್ಟಿಕ್. ಆ್ಯಪ್ ಸೆಂಟರ್ ತೋರಿಸುವುದು ಮುಖ್ಯವಾಗಿ ಕಿಟಕಿ ತೆರೆದು ಬಳಸುವ ಆ್ಯಪ್‌ಗಳನ್ನು, ಅದರಲ್ಲೂ ಸ್ನ್ಯಾಪ್ ಎಂಬ ಪ್ಯಾಕೇಜು ರೂಪದವನ್ನು. ಫಾಂಟು, ಕೀಲಿಮಣೆಯಂಥ ಪೂರಕ ಪ್ಯಾಕೇಜುಗಳು ಅಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಸಿನಾಪ್ಟಿಕ್ ಡೆಬ್ ಎಂಬ ಇನ್ನೊಂದು ರೂಪದ ಪ್ಯಾಕೇಜುಗಳ ಭಂಡಾರವನ್ನೆಲ್ಲ ತೆರೆದಿಡುತ್ತದೆ. ಮೊದಲು ಅದನ್ನೇ ಆ್ಯಪ್ ಸೆಂಟರಿನಲ್ಲಿ ಹುಡುಕಿ; ಫಲಿತಾಂಶದಲ್ಲಿ ಡೆಬ್ ಪ್ಯಾಕೇಜುಗಳನ್ನು ಆಯ್ದರೆ ಕಾಣಿಸುತ್ತದೆ. ಆಮೇಲೆ ಸಿನಾಪ್ಟಿಕ್‌ನಲ್ಲಿ ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’ ಹುಡುಕಿ, ಗುರುತು ಹಾಕಿ, ‘ಅಪ್ಲೈ’ ಒತ್ತಿ. ಕನ್ನಡ ಟೈಪಿಸಲು ‘ಐಬಸ್-ಎಂ17ಎನ್’ ಬೇಕು. ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವೂ ಇದೆ. ಜೊತೆಗೆ ಇನ್ನೇನು ಇಳಿಯುತ್ತದೆಂಬುದನ್ನು ಸಿನಾಪ್ಟಿಕ್ ಮೊದಲೇ ಹೇಳುತ್ತದೆ. ನನಗೆ ಅದು ಮೆಚ್ಚುಗೆಯಾಗುವುದು ಈ ಪಾರದರ್ಶಕತೆಗೇ.

ನೀವು ಬರೆದಿಡಲು ಹೊರಟಿರುವುದು ತುಂಬ ಸಂತೋಷದ ಮಾತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟ ಊರು ನಿಮ್ಮದು. ಕಂಪ್ಯೂಟರಿನ ತಿಳಿವಳಿಕೆಯೂ ಅಲ್ಲಿಂದ ಕನ್ನಡದಲ್ಲಿ ಹೊರಡಲಿ. ಪುಟದ ಮೇಲೆ ಉಬುಂಟು ಆವೃತ್ತಿಯನ್ನು ತಪ್ಪದೆ ನಮೂದಿಸಿ. 2023ರ 23.10ರಲ್ಲಿ ಹಳೆಯ ತಂತ್ರಾಂಶ ಅಂಗಡಿಯ ಜಾಗಕ್ಕೆ ಆ್ಯಪ್ ಸೆಂಟರ್ ಬಂತು, ಆ ಅಂಗಡಿಯ ಹಿಂದಿನ ಪರದೆಚಿತ್ರಗಳು ಈಗ ಹೊಂದುವುದಿಲ್ಲ. ಮೆನುವಿನ ಹೆಸರುಗಳನ್ನು ಪರದೆಯಲ್ಲಿ ಇರುವಂತೆಯೇ ಬರೆಯಿರಿ. ಯಾವಾಗ ಏನು ಹಾಕಿದಿರಿ ಎಂಬುದು ಮರೆತರೆ, ಸಿನಾಪ್ಟಿಕ್‌ನ ‘ಫೈಲ್’ ಮೆನುವಿನ ‘ಹಿಸ್ಟರಿ’ಯಲ್ಲಿ ದಿನಾಂಕವಾರು ಸಿಗುತ್ತದೆ.